ಇಂದಿರಾ ಬಿ.ಎ. ಇಂದ ಇಂದಿರಾ ಎಂ.ಎ.ವರೆಗೆ: ನಟಿ ಸುಲೋಚನಾ ಮೂಕಿಯಿಂದ ಟಾಕಿಗೆ ಬಂದದ್ದು ಹೇಗೆ?

ಕಾಮನಬಿಲ್ಲು:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ಕಾಲೇಜಿನಲ್ಲಿ ಹಳೇ ಸಿನಿಮಾ ಬಗ್ಗೆ ಒಂದು ಸಣ್ಣ ಪ್ರದರ್ಶನ ಇದೆ. ಮೂಕಿ (ಮಾತಿಲ್ಲದ ಚಿತ್ರ), ಟಾಕಿ (ಮಾತಿನ ಚಿತ್ರ) ಎರಡರಲ್ಲೂ ನಟಿಸಿದ ಒಬ್ಬರ ಬಗ್ಗೆ ನಾನು ದೊಡ್ಡ ಪೋಸ್ಟರ್ ಮಾಡಬೇಕು. ಸುಲೋಚನಾ ಅವರನ್ನು ಆರಿಸಿಕೊಂಡೆ. ಅಲ್ಲಿಂದ ತಲೆನೋವು ಶುರು.

ಒಂದು ಪಟ್ಟಿಯಲ್ಲಿ 1925ರಿಂದ ಚಿತ್ರಗಳಿವೆ. ಇನ್ನೊಂದು ಪಟ್ಟಿಯಲ್ಲಿ ಮರಾಠಿ ಚಿತ್ರಗಳು, ಎಪ್ಪತ್ತರ ದಶಕದಲ್ಲಿ ಅಮಿತಾಭ್ ಬಚ್ಚನ್‌ಗೆ ಅಮ್ಮನ ಪಾತ್ರ. ಇದು ಸಾಲದು ಅಂತ, ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ದಲ್ಲಿದ್ದವರೂ ಇವರೇ ಎಂದು ನನ್ನ ಗೆಳತಿ ಪಟ್ಟು ಹಿಡಿದಿದ್ದಾಳೆ. ಇವರೆಲ್ಲ ಒಬ್ಬರೇನಾ?

ಇನ್ನೊಂದು ಪ್ರಶ್ನೆ. ಟಾಕಿ ಬಂದ ಕೂಡಲೇ ಹಿಂದೂಸ್ತಾನಿ ಮಾತಾಡಲು ಬಾರದೆ ಆಕೆ ಮೂಲೆಗೆ ಸೇರಿದರು ಎಂದು ಒಂದೆರಡು ಕಡೆ ಓದಿದೆ. ಆದರೆ 1935ರಲ್ಲೂ ಆಕೆಯೇ ನಾಯಕಿ. ಯಾವುದನ್ನು ನಂಬಲಿ?

ಹಳೇರೀಲು:

ಒಳ್ಳೆ ಪ್ರಶ್ನೆ ಕೇಳಿದಿರಿ. ಮೊದಲು ಹೆಸರಿನ ಗಂಟು ಬಿಡಿಸೋಣ.

ನಿಮಗೆ ಬೇಕಾದ ಸುಲೋಚನಾ ಅವರ ನಿಜವಾದ ಹೆಸರು ರೂಬಿ ಮೈಯರ್ಸ್. 1907ರಲ್ಲಿ ಪುಣೆಯಲ್ಲಿ ಹುಟ್ಟಿದವರು. ಬಾಗ್ದಾದ್ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಯಹೂದಿ ಸಮುದಾಯದವರು. ‘ಸತಿ ಸುಲೋಚನ’ಕ್ಕೂ ಅವರಿಗೂ ಏನೇನೂ ಸಂಬಂಧವಿಲ್ಲ. ಆ ಚಿತ್ರದ ಸುಲೋಚನ ಇಂದ್ರಜಿತುವಿನ ಹೆಂಡತಿ, ಅಂದರೆ ಕಥೆಯ ಪಾತ್ರ. ಅದನ್ನು ಮಾಡಿದವರು ತ್ರಿಪುರಾಂಬ. ಸುಬ್ಬಯ್ಯ ನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ. ನಿಮ್ಮ ಗೆಳತಿಗೆ ಇಷ್ಟು ಹೇಳಿ, ಸಾಕು.

ಈಗ ರೂಬಿ ಅವರ ವಿಷಯ. ಸಿನಿಮಾಗೆ ಬರುವ ಮುಂಚೆ ಅವರು ಟೆಲಿಫೋನ್ ಆಪರೇಟರ್. ಕೊಹಿನೂರ್ ಫಿಲ್ಮ್ ಕಂಪನಿಯ ಮೋಹನ್ ಭವನಾನಿ ನಟಿಸಲು ಕರೆದಾಗ ಮೊದಲು ಒಲ್ಲೆ ಎಂದರು. ಆ ಕಾಲದಲ್ಲಿ ಹೆಣ್ಣುಮಕ್ಕಳು ಕ್ಯಾಮೆರಾ ಮುಂದೆ ನಿಲ್ಲುವುದನ್ನು ಮರ್ಯಾದಸ್ಥರ ಕೆಲಸ ಎಂದು ಯಾರೂ ಒಪ್ಪುತ್ತಿರಲಿಲ್ಲ. ಭವನಾನಿ ಬಿಡಲಿಲ್ಲ, ಕೊನೆಗೆ ಒಪ್ಪಿಸಿದರು. 1925ರಲ್ಲಿ ‘ವೀರ ಬಾಲಾ’. ಅದರ ಆಸುಪಾಸಿನಲ್ಲೇ ‘ಸಿನಿಮಾ ಕ್ವೀನ್’, ‘ಟೈಪಿಸ್ಟ್ ಗರ್ಲ್’, ‘ಟೆಲಿಫೋನ್ ಗರ್ಲ್’. ಕೊನೆಯದನ್ನು ಗಮನಿಸಿ. ನಿಜವಾಗಿ ಟೆಲಿಫೋನ್ ಆಪರೇಟರ್ ಆಗಿದ್ದ ಹುಡುಗಿ ತೆರೆಯ ಮೇಲೂ ಅದೇ ಆದಳು.

ಆ ಹೆಸರುಗಳನ್ನೇ ನೋಡಿ. ಟೈಪಿಸ್ಟ್, ಟೆಲಿಫೋನ್, ಬಿ.ಎ. ಪುರಾಣದ ಸೀತೆ, ತಾರಾಮತಿಯರ ನಡುವೆ ಕೆಲಸಕ್ಕೆ ಹೋಗುವ, ಓದಿದ, ಪೇಟೆಯ ಹುಡುಗಿ ತೆರೆಗೆ ಬಂದಳು. ಆಕೆಯನ್ನು ಜನ ಅಷ್ಟೊಂದು ಹಚ್ಚಿಕೊಂಡದ್ದಕ್ಕೆ ಇದೂ ಒಂದು ಕಾರಣ ಎಂದು ನನಗೆ ಅನಿಸುತ್ತದೆ.

1927ರ ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ಯಲ್ಲಿ ಒಬ್ಬರೇ ಎಂಟು ವೇಷ ಹಾಕಿದರು. ತೋಟಗಾರ, ಪೊಲೀಸ್, ಹೈದರಾಬಾದಿನ ಸಾಹೇಬ, ಬೀದಿ ಹುಡುಗ, ಬಾಳೆಹಣ್ಣು ಮಾರುವ ಅಜ್ಜಿ, ಜೇಬುಗಳ್ಳ... ಹೀಗೆ. ಆಮೇಲೆ ಅರ್ದೇಶಿರ್ ಇರಾನಿ ಅವರ ಇಂಪೀರಿಯಲ್ ಕಂಪನಿಯಲ್ಲಿ 1928ರ ‘ಮಾಧುರಿ’, ‘ಅನಾರ್ಕಲಿ’, 1929ರ ‘ಇಂದಿರಾ ಬಿ.ಎ.’ ಬಂದವು. ಮೂರನ್ನೂ ಜನ ಮುಗಿಬಿದ್ದು ನೋಡಿದರು.

ಮಾತಿಲ್ಲದ ಕಾಲದ ರಾಣಿ ಅವರು. ಮಾತು ಬಂದ ಮೇಲಿನ ಕಥೆ ರಾತ್ರಿ ಬರೆಯುತ್ತೇನೆ. ಈಗ ಮೊಮ್ಮಗನನ್ನು ಶಾಲೆಯಿಂದ ಕರೆತರಬೇಕು.

ನಿಪ್ಪಾಣಿ ಕಡೆಯವಳು:

ಹಳೇರೀಲು ಅಣ್ಣಾವ್ರು ಬರುವಷ್ಟರಲ್ಲಿ ಇನ್ನೊಬ್ಬ ಸುಲೋಚನಾ ಅವರ ಬಗ್ಗೆ ನಾನು ಹೇಳಿಬಿಡುತ್ತೇನೆ. ಅವರು ನಮ್ಮ ಕಡೆಯವರು!

ಅಮ್ಮನ ಪಾತ್ರ ಮಾಡಿದವರು ಸುಲೋಚನಾ ಲಾಟ್ಕರ್. 1928ರಲ್ಲಿ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಭಾಗದ ಖಡಕಲಾಟದಲ್ಲಿ ಹುಟ್ಟಿದರು. ಕೊಲ್ಹಾಪುರದಲ್ಲಿ ಬೆಳೆದ ಮರಾಠಿ ಚಿತ್ರರಂಗದ ದೊಡ್ಡ ನಟಿ. ಮರಾಠಿಯವರು ಸುಲೋಚನಾ ದೀದಿ ಎಂದೇ ಕರೆಯುತ್ತಾರೆ. 2023ರ ಜೂನ್‌ನಲ್ಲಿ ತೀರಿಕೊಂಡರು. ನಮ್ಮ ಮನೆಯಲ್ಲಿ ಅವತ್ತು ಅವ್ವ ಊಟ ಬಿಟ್ಟು ಟಿವಿ ಮುಂದೆ ಕೂತಿದ್ದಳು.

ಪಟ್ಟಿ ಬೇರೆ ಮಾಡುವುದು ಸುಲಭ ಕಣವ್ವಾ. ಮೂಕಿ ‘ಅನಾರ್ಕಲಿ’ ಬಂದದ್ದು 1928ರಲ್ಲಿ. ಆಗ ಲಾಟ್ಕರ್ ಅವರು ತೊಟ್ಟಿಲ ಕೂಸು. ಹಾಗಾಗಿ 1940ಕ್ಕೆ ಹಿಂದಿನ ಸುಲೋಚನಾ ಎಲ್ಲಾ ರೂಬಿ ಅವರೇ. ಐವತ್ತರ ದಶಕದಿಂದ ಮುಂದೆ ಹುಷಾರಾಗಿರು. ಆಗ ಇಬ್ಬರೂ ಹಿಂದಿ ಚಿತ್ರಗಳಲ್ಲಿ ಇದ್ದರು, ಇಬ್ಬರೂ ಹಿರಿಯರ ಪಾತ್ರ ಮಾಡುತ್ತಿದ್ದರು. ಗೊಂದಲ ಹುಟ್ಟಿದ್ದು ಅಲ್ಲೇ. ಪ್ರತಿ ಚಿತ್ರದ ಟೈಟಲ್ ಕಾರ್ಡ್ ಮತ್ತು ಮುಖ ಎರಡನ್ನೂ ನೋಡಿಯೇ ಬರೆದುಕೋ.

ಜಯನಗರ ನಾಲ್ಕನೇ ಬ್ಲಾಕ್:

ಸುಲೋಚನಾ ಆಗಿನ ಮುಂಬೈ ಗವರ್ನರ್‌ಗಿಂತ ಜಾಸ್ತಿ ಸಂಬಳ ತೆಗೆದುಕೊಳ್ಳುತ್ತಿದ್ದರು ಅಂತ ನಮ್ಮ ತಂದೆ ಹೇಳುತ್ತಿದ್ದರು. ತಿಂಗಳಿಗೆ 5,000 ರೂಪಾಯಿ, ಮೇಲೆ ಷೆವರ್ಲೆ ಕಾರು. ಇದನ್ನು ಪೋಸ್ಟರ್‌ನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ. ಜನ ನಿಂತು ಓದುತ್ತಾರೆ.

ಹಳೇರೀಲು:

ಜಯನಗರದ ಸ್ನೇಹಿತರೇ, ದಯವಿಟ್ಟು ಬೇಡ. ಆ ಗವರ್ನರ್ ಮಾತನ್ನು ನಾನೂ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ್ದೇನೆ. ಆಮೇಲೆ 1935ರ ಭಾರತ ಸರ್ಕಾರ ಕಾಯ್ದೆಯ ಅನುಸೂಚಿ ತೆಗೆದು ನೋಡಿದೆ. ಮುಂಬೈ ಗವರ್ನರ್ ಸಂಬಳ ವರ್ಷಕ್ಕೆ 1,20,000 ರೂಪಾಯಿ ಎಂದು ಅದರಲ್ಲೇ ಇದೆ. ತಿಂಗಳಿಗೆ 10,000 ಆಯಿತು. ನಟಿಯ 5,000 ಅದರ ಅರ್ಧ.

ಅರ್ಧ ಎಂದರೂ ಎಷ್ಟು ದೊಡ್ಡದು ನೋಡಿ. ಕನ್ನಡದ ‘ಸತಿ ಸುಲೋಚನ’ದ ಇಡೀ ಚಿತ್ರಕ್ಕೆ ಆದ ಖರ್ಚು ಸುಮಾರು 40 ಸಾವಿರ ಎನ್ನುತ್ತಾರೆ. ಆಕೆಯ ಎಂಟು ತಿಂಗಳ ಸಂಬಳ! ನಿಜವಾದ ಅಂಕಿಯೇ ಇಷ್ಟು ದೊಡ್ಡದಿರುವಾಗ ಅದನ್ನು ಹಿಗ್ಗಿಸಿ ಹೇಳಬೇಕಾಗಿಲ್ಲ ಅಲ್ವಾ?

ಸರಿ, ಟಾಕಿ ಕಥೆಗೆ ಬರುತ್ತೇನೆ.

ಭಾರತದ ಮೊದಲ ಟಾಕಿ ‘ಆಲಂ ಆರಾ’ ಮುಂಬೈನ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ತೆರೆ ಕಂಡದ್ದು 1931ರ ಮಾರ್ಚ್ 14. ಅದನ್ನು ಮಾಡಿದವರು ಸುಲೋಚನಾ ಇದ್ದ ಅದೇ ಇಂಪೀರಿಯಲ್ ಕಂಪನಿಯವರು. ಆದರೆ ನಾಯಕಿ ಜುಬೇದಾ. ಸ್ವಂತ ಮನೆಯಲ್ಲೇ ಮೊದಲ ಟಾಕಿ ಹುಟ್ಟಿತು, ಮನೆಯ ರಾಣಿ ಅದರಲ್ಲಿಲ್ಲ. ಅವರಿಗೆ ಹೇಗನಿಸಿರಬೇಡ!

ಆ ಚಿತ್ರದ ನಾಯಕ ಮಾಸ್ಟರ್ ವಿಠ್ಠಲ್ ಮೂಕಿ ಕಾಲದ ಸ್ಟಂಟ್ ಹೀರೊ. ಕತ್ತಿವರಸೆಯಲ್ಲಿ ಎತ್ತಿದ ಕೈ. ಉರ್ದು ಮಾತ್ರ ನಾಲಿಗೆಗೆ ಹತ್ತಲಿಲ್ಲ. ಹಾಗಾಗಿ ಅವರ ಪಾತ್ರ ಅರೆಪ್ರಜ್ಞೆಯಲ್ಲೇ ಜಾಸ್ತಿ ಹೊತ್ತು ಇರುವ ಹಾಗೆ ಮಾಡಿದರಂತೆ. ಟಾಕಿಯಲ್ಲಿ ಅವರಿಗೆ ಹಳೇ ಜಾಗ ಮತ್ತೆ ಸಿಗಲಿಲ್ಲ.

ಕೆಲಸ ಎಷ್ಟು ಬದಲಾಯಿತು ಎಂಬುದನ್ನೂ ನೆನೆಸಿಕೊಳ್ಳಿ. ಮೂಕಿಯಲ್ಲಿ ಕ್ಯಾಮೆರಾ ತಿರುಗುತ್ತಿರುವಾಗಲೇ ನಿರ್ದೇಶಕ ಕೂಗಿ ಹೇಳಬಹುದಿತ್ತು, ‘ಈಗ ತಿರುಗು, ಈಗ ಅಳು’ ಅಂತ. ನಟಿ ಯಾವ ಭಾಷೆಯಲ್ಲಿ ಮಾತಾಡಿದರೂ ತೆರೆಯ ಮೇಲೆ ಬರಹ ಬೇರೆ ಬರುತ್ತಿತ್ತು. ಟಾಕಿ ಬಂದ ಮೇಲೆ ಎಲ್ಲರೂ ಉಸಿರು ಬಿಗಿಹಿಡಿಯಬೇಕು. ಮೈಕನ್ನು ಗಿಡದಲ್ಲೋ ಬಟ್ಟೆಯಲ್ಲೋ ಬಚ್ಚಿಡಬೇಕು, ನಟಿ ಅದರಿಂದ ದೂರ ಹೋಗುವ ಹಾಗಿಲ್ಲ. ಇಂಪೀರಿಯಲ್ ಸ್ಟುಡಿಯೊ ಪಕ್ಕ ರೈಲು ಹಳಿ ಇತ್ತು. ರೈಲುಗಳ ಸದ್ದು ನಿಂತ ಮೇಲೆ ನಡುರಾತ್ರಿಯಲ್ಲಿ ‘ಆಲಂ ಆರಾ’ ಚಿತ್ರೀಕರಣ ನಡೆಯುತ್ತಿತ್ತು. ಹಿನ್ನೆಲೆ ಗಾಯನ ಶುರುವಾದದ್ದು 1935ರಲ್ಲಿ. ಅಲ್ಲಿಯವರೆಗೆ ನಟಿಯರೇ ಕ್ಯಾಮೆರಾ ಮುಂದೆ ನಿಂತು ಹಾಡಬೇಕಿತ್ತು.

ಹಿಂದೂಸ್ತಾನಿ ಸರಿಯಾಗಿ ಬಾರದ ಸುಲೋಚನಾ ಏನು ಮಾಡಿದರು? ಒಂದು ವರ್ಷ ಸಿನಿಮಾ ಬಿಟ್ಟು ಕೂತು ಭಾಷೆ ಕಲಿತರು. ಹೆಸರು, ಹಣ, ಕಾರು ಎಲ್ಲ ಇದ್ದ ಇಪ್ಪತ್ತನಾಲ್ಕರ ಹುಡುಗಿ ಮತ್ತೆ ಅಕ್ಷರಾಭ್ಯಾಸಕ್ಕೆ ಕೂತಳು. ಈ ಮಾತು ಪೋಸ್ಟರ್‌ನಲ್ಲಿ ದಪ್ಪ ಅಕ್ಷರದಲ್ಲಿ ಬರಲಿ.

ಮರಳಿ ಬಂದದ್ದು 1932ರಲ್ಲಿ, ‘ಮಾಧುರಿ’ಯೊಂದಿಗೆ. ಹೌದು, ನಾಲ್ಕು ವರ್ಷದ ಹಿಂದಿನ ಮೂಕಿ ‘ಮಾಧುರಿ’ಯನ್ನೇ ಮಾತಿನಲ್ಲಿ ಮತ್ತೆ ಮಾಡಿದರು. ಆಮೇಲೆ ಒಂದೊಂದಾಗಿ ಹಳೆಯವು ಹೊಸದಾಗಿ ಬಂದವು. ‘ಇಂದಿರಾ ಬಿ.ಎ.’ 1934ರಲ್ಲಿ ‘ಇಂದಿರಾ ಎಂ.ಎ.’ ಆಯಿತು. 1935ರಲ್ಲಿ ‘ಅನಾರ್ಕಲಿ’. 1936ರಲ್ಲಿ ‘ವೈಲ್ಡ್‌ಕ್ಯಾಟ್’ ಹೋಗಿ ‘ಬಂಬೈ ಕಿ ಬಿಲ್ಲಿ’. ಜೊತೆಗೆ ಮೂಕಿ ಕಾಲದ ಜೋಡಿ ಡಿ. ಬಿಲಿಮೋರಿಯಾ ಇದ್ದೇ ಇದ್ದರು. ಇದೇ ಹೊತ್ತಿನಲ್ಲಿ ‘ರೂಬಿ ಪಿಕ್ಸ್’ ಎಂದು ಸ್ವಂತ ಸಂಸ್ಥೆಯನ್ನೂ ಕಟ್ಟಿದರು.

ಟಾಕಿ ಬಂದು ಆಕೆ ಮುಗಿದರು ಎಂದು ಬರೆಯುವವರು ಈ ಏಳೆಂಟು ವರ್ಷಗಳನ್ನು ಎಲ್ಲಿಗೆ ಸೇರಿಸುತ್ತಾರೆ?

ಕಡಲಕರೆ:

ತುಂಬಾ ಚೆನ್ನಾಗಿ ಬರೆದಿರಿ ಸರ್. ಆದರೂ ಒಂದು ಸಂದೇಹ. ಹಳೆಯದನ್ನೇ ಮತ್ತೆ ಮತ್ತೆ ಮಾಡಿದ್ದು ಶಕ್ತಿಯೋ ಅಥವಾ ಭಯವೋ? ಹೊಸ ಪಾತ್ರ ಸಿಗದೆ ಹಳೇ ಹೆಸರಿನ ಮೇಲೆ ನಡೆದರು ಅಂತಲೂ ಹೇಳಬಹುದಲ್ಲ? ಕಡೆಗೂ ಮೂವತ್ತರ ದಶಕ ಮುಗಿಯುವಷ್ಟರಲ್ಲಿ ಅವರ ನಾಯಕಿ ಪಾತ್ರಗಳೂ ಮುಗಿದವು.

ಹಳೇರೀಲು:

ನ್ಯಾಯವಾದ ಸಂದೇಹ. ನಾನು ಹೀಗೆ ನೋಡುತ್ತೇನೆ. ಜನ ಆಕೆಯನ್ನು ಮಾಧುರಿಯಾಗಿ, ಇಂದಿರೆಯಾಗಿ ನೋಡಿದ್ದರು. ಧ್ವನಿ ಕೇಳಿರಲಿಲ್ಲ. ಗೊತ್ತಿರುವ ಮುಖದಿಂದ ಮೊದಲ ಸಲ ಮಾತು ಕೇಳುವ ಆಸೆ ಅವರಿಗಿತ್ತು. ಅದನ್ನು ಗೊತ್ತಿರುವ ಕಥೆಯಲ್ಲೇ ಕೇಳಿಸಿದ್ದು ಜಾಣತನ. ಕಂಪನಿಗೂ ಲಾಭ, ಕಥೆ ಗೆಲ್ಲುತ್ತದೆ ಎಂದು ಮೊದಲೇ ಗೊತ್ತಲ್ಲ.

ಆಮೇಲೆ ಬಿದ್ದದ್ದಕ್ಕೆ ಭಾಷೆ ಕಾರಣವಲ್ಲ. ಇಂಪೀರಿಯಲ್ ಕಂಪನಿಯೇ 1938ರಲ್ಲಿ ಬಾಗಿಲು ಮುಚ್ಚಿತು. ಸ್ಟುಡಿಯೊ ತಿಂಗಳ ಸಂಬಳ ಕೊಟ್ಟು ತಾರೆಯರನ್ನು ಇಟ್ಟುಕೊಳ್ಳುತ್ತಿದ್ದ ಕಾಲ ಅದು. ಸ್ಟುಡಿಯೊ ಹೋದರೆ ತಾರೆಯ ಕಾಲ ಕೆಳಗಿನ ನೆಲವೇ ಹೋದ ಹಾಗೆ. ಹಾಡಬಲ್ಲ, ಇನ್ನೂ ಚಿಕ್ಕ ವಯಸ್ಸಿನ ನಾಯಕಿಯರು ಬಂದಿದ್ದರು. ನಾಯಕಿಯರಿಗೆ ಮೂವತ್ತು ದಾಟಿದರೆ ಏನಾಗುತ್ತಿತ್ತು, ಈಗಲೂ ಏನಾಗುತ್ತದೆ, ನಿಮಗೆ ಗೊತ್ತು. ಜೊತೆಗಿದ್ದ ಬಿಲಿಮೋರಿಯಾ ಅವರ ನಾಯಕನ ದಿನಗಳೂ ಅದೇ ಹೊತ್ತಿಗೆ ಇಳಿದವು. ಅವರ ವಿಷಯದಲ್ಲಿ ಭಾಷೆಯ ಮಾತನ್ನು ಯಾರೂ ಎತ್ತುವುದಿಲ್ಲ.

ಗುಬ್ಬಚ್ಚಿ ತುಮಕೂರು:

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಕನ್ನಡದಲ್ಲಿ ಇದೇ ಕಥೆ ಉಲ್ಟಾ ನಡೆಯಿತು.

ಮುಂಬೈಯಲ್ಲಿ ಮುಖ ಮೊದಲು ಬಂತು, ಧ್ವನಿ ಆಮೇಲೆ. ನಮ್ಮಲ್ಲಿ ಧ್ವನಿಯೇ ಮೊದಲು. ಕಂಪನಿ ನಾಟಕದವರಿಗೆ ಮೈಕಿಲ್ಲದೆ ಕೊನೇ ಸಾಲಿನ ನಾಲ್ಕಾಣೆ ಪ್ರೇಕ್ಷಕನಿಗೂ ಕೇಳುವ ಹಾಗೆ ಹಾಡುವುದು ದಿನದ ಕೆಲಸ. ಟಾಕಿ ಬಂದಾಗ ಅವರು ಹೆದರಲಿಲ್ಲ. 1934ರ ‘ಸತಿ ಸುಲೋಚನ’ದ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ಇಬ್ಬರೂ ನಾಟಕ ಮಂಡಳಿ ಕಟ್ಟಿದವರು. ಅವರಿಗೆ ಕಷ್ಟವಾಗಿದ್ದು ಬೇರೆ. ಇಲ್ಲಿ ಸ್ಟುಡಿಯೊ ಇರಲಿಲ್ಲ, ಕೊಲ್ಹಾಪುರಕ್ಕೆ ಹೋಗಿ ಚಿತ್ರ ಮಾಡಬೇಕಾಯಿತು.

ಮೂಕಿ, ಟಾಕಿ ಎರಡನ್ನೂ ಕಂಡ ನಮ್ಮವರು ಬೇಕೆಂದರೆ ಗುಬ್ಬಿ ವೀರಣ್ಣನವರನ್ನು ತೆಗೆದುಕೊಳ್ಳಿ. 1930ರ ಆಸುಪಾಸಿನಲ್ಲಿ ‘ಹರಿಮಾಯೆ’, ‘ಹಿಸ್ ಲವ್ ಅಫೇರ್’ ಎಂಬ ಮೂಕಿ ಚಿತ್ರಗಳಿಗೆ ಕೈ ಹಾಕಿದರು. ಆಮೇಲೆ ರಂಗದ ಮೇಲೆ ಊರೂರನ್ನು ನಗಿಸಿದ್ದ ‘ಸದಾರಮೆ’ಯನ್ನು 1935ರಲ್ಲಿ ಟಾಕಿ ಮಾಡಿದರು. ವೀರಣ್ಣನವರ ಕಳ್ಳನ ಪಾತ್ರ ಅಂದರೆ ನಮ್ಮ ಅಜ್ಜನ ಮುಖ ಅರಳುತ್ತಿತ್ತು. ಆ ಕಳ್ಳನನ್ನು ಮೂಕಿಯಲ್ಲಿ ಊಹಿಸಿಕೊಳ್ಳಿ ನೋಡೋಣ. ಮಾತಿಲ್ಲದಿದ್ದರೆ ಅವನಲ್ಲಿ ಉಳಿಯುವುದು ಬರೀ ಮೀಸೆ.

ಕಡಲಕರೆ:

ಹೌದಲ್ಲ! ನಾನು ಈ ರೀತಿ ಯೋಚಿಸಿಯೇ ಇರಲಿಲ್ಲ. ಹಾಗಾದರೆ ನಾನೂ ಒಂದು ಕೊಂಡಿ ಕೊಡುತ್ತೇನೆ. ಸುಲೋಚನಾ ಅವರನ್ನು ಸಿನಿಮಾಗೆ ತಂದ ಮೋಹನ್ ಭವನಾನಿಯವರೇ ಮುಂದೆ ಶೂದ್ರಕನ ‘ಮೃಚ್ಛಕಟಿಕ’ದ ಕಥೆಯನ್ನು ‘ವಸಂತಸೇನಾ’ ಎಂಬ ಮೂಕಿ ಚಿತ್ರ ಮಾಡಿದವರು. ಅದರಲ್ಲಿ ನಮ್ಮ ಟಿ.ಪಿ. ಕೈಲಾಸಂ ಇದ್ದರು, ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರೂ ಇದ್ದರು. ಕೈಲಾಸಂ ಅಂಥ ಮಾತಿನ ಮಲ್ಲ ಮಾತೇ ಇಲ್ಲದ ಚಿತ್ರದಲ್ಲಿ! ಓದಿದ ಮನೆತನದ ಹೆಣ್ಣುಮಗಳು ತೆರೆಗೆ ಬರಲು ಎಷ್ಟು ಧೈರ್ಯ ಬೇಕಿತ್ತು ಎಂಬುದಕ್ಕೆ ಕಮಲಾದೇವಿಯವರೂ ಸಾಕ್ಷಿ.

ಜಯನಗರ ನಾಲ್ಕನೇ ಬ್ಲಾಕ್:

ಗವರ್ನರ್ ವಿಷಯ ತಿದ್ದಿದ್ದಕ್ಕೆ ಥ್ಯಾಂಕ್ಸ್ ಹಳೇರೀಲು ಅವರೇ. ಒಂದು ಸಣ್ಣ ಪ್ರಶ್ನೆ. ಯಹೂದಿ ಹುಡುಗಿಗೆ ಸುಲೋಚನಾ ಎಂಬ ಹೆಸರು ಏಕೆ?

ಹಳೇರೀಲು:

ಆಗಿನ ವಾಡಿಕೆಯೇ ಅದು. ನಮ್ಮ ಮನೆತನಗಳು ಹೆಣ್ಣುಮಕ್ಕಳನ್ನು ಸಿನಿಮಾಗೆ ಕಳಿಸುತ್ತಿರಲಿಲ್ಲ. 1913ರ ‘ರಾಜಾ ಹರಿಶ್ಚಂದ್ರ’ದಲ್ಲಿ ತಾರಾಮತಿ ಆದವರು ಸಾಳುಂಕೆ ಎಂಬ ಗಂಡಸು. ಯಹೂದಿ, ಆಂಗ್ಲೋ ಇಂಡಿಯನ್ ಹೆಣ್ಣುಮಕ್ಕಳು ಮುಂದೆ ಬಂದರು. ಹೆಸರು ಮಾತ್ರ ಇಲ್ಲಿಯದು ಇಟ್ಟರು. ರೆನೀ ಸ್ಮಿತ್ ಎಂಬಾಕೆ ಸೀತಾ ದೇವಿ ಆದರು.

ಸುಲೋಚನಾ ಅಂದರೆ ಚೆಂದದ ಕಣ್ಣಿನವಳು. ಮೂಕಿ ಚಿತ್ರದ ನಟಿಗೆ ಇದಕ್ಕಿಂತ ಒಪ್ಪುವ ಹೆಸರು ಎಲ್ಲಿದೆ ಹೇಳಿ. ಮಾತಿನ ಕೆಲಸವನ್ನೂ ಕಣ್ಣೇ ಮಾಡಬೇಕಿತ್ತಲ್ಲ.

ಸೀತಾ ದೇವಿ ಹೆಸರು ಬಂತು, ಅದಕ್ಕೇ ಹೇಳುತ್ತೇನೆ. 1928ರಲ್ಲಿ, ಮೊಘಲ್ ರಾಜಕುಮಾರ ಸಲೀಂ ಪ್ರೀತಿಸಿದ ಅನಾರ್ಕಲಿಯ ಕಥೆಗೆ ಎರಡು ಕಂಪನಿಗಳು ಜಿದ್ದಿಗೆ ಬಿದ್ದವು. ಗ್ರೇಟ್ ಈಸ್ಟರ್ನ್‌ನವರ ಚಿತ್ರದಲ್ಲಿ ಸೀತಾ ದೇವಿ. ಇಂಪೀರಿಯಲ್‌ನವರು ಸುಲೋಚನಾ ಅವರನ್ನು ಇಟ್ಟುಕೊಂಡು ಅವಸರದಲ್ಲಿ ಮುಗಿಸಿ ಮೊದಲು ತೆರೆಗೆ ತಂದರು. ಗೆದ್ದದ್ದೂ ಅವರೇ. ಟಾಕಿ ಬಂದ ಮೇಲೆ ಸೀತಾ ದೇವಿ ಮರೆಯಾದರು. ಸುಲೋಚನಾ 1935ರಲ್ಲಿ ಮತ್ತೆ ಅನಾರ್ಕಲಿ ಆದರು. ಒಂದೇ ಪಾತ್ರ, ಒಂದೇ ನಟಿ. ಎರಡಕ್ಕೂ ನಿರ್ದೇಶಕರು ಆರ್.ಎಸ್. ಚೌಧರಿ.

ಈಗ ಮೂರನೆಯದು. 1953ರಲ್ಲಿ ಫಿಲ್ಮಿಸ್ತಾನ್‌ನವರ ‘ಅನಾರ್ಕಲಿ’ ಬಂತು. ನಾಯಕಿ ಬೀನಾ ರಾಯ್, ಸಲೀಂ ಆಗಿ ಪ್ರದೀಪ್ ಕುಮಾರ್. ಸುಲೋಚನಾ ಅದರಲ್ಲೂ ಇದ್ದಾರೆ. ಸಲೀಮನ ತಾಯಿಯಾಗಿ. ನಿರ್ದೇಶಕ ನಂದಲಾಲ್ ಜಸವಂತಲಾಲ್ ಯಾರು ಗೊತ್ತೇ? ‘ಇಂದಿರಾ ಎಂ.ಎ.’ಯಲ್ಲಿ ಆಕೆಯನ್ನು ನಾಯಕಿ ಮಾಡಿದ್ದವರು.

ಎರಡು ಸಲ ತಾನೇ ಆಗಿದ್ದ ಅನಾರ್ಕಲಿಯನ್ನು ಇನ್ನೊಬ್ಬಳು ಮಾಡುವಾಗ ಅದೇ ಸೆಟ್ಟಿನಲ್ಲಿ ಅತ್ತೆಯ ಜಾಗದಲ್ಲಿ ನಿಲ್ಲುವುದು ಸುಮ್ನೆ ಮಾತಲ್ಲ. ಇದನ್ನು ಪತನ ಎಂದು ಬರೆಯುವವರ ಮೇಲೆ ನನಗೆ ಬೇಜಾರಿದೆ. ಕೆಲಸ ಇತ್ತು, ಹೋದರು, ಮಾಡಿದರು. ಮುಂದೆಯೂ ದಶಕಗಟ್ಟಲೆ ಸಣ್ಣ ಪಾತ್ರಗಳಲ್ಲಿ ಕಾಣಿಸಿಕೊಂಡರು. 1973ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಅದನ್ನು ಪಡೆದ ಎರಡನೇ ಹೆಣ್ಣುಮಗಳು. ಮೊದಲನೆಯವರು ನಮ್ಮ ತಾತಗುಣಿ ತೋಟದಲ್ಲಿ ಬಾಳಿದ ದೇವಿಕಾ ರಾಣಿ. ಸುಲೋಚನಾ 1983ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ತೀರಿಕೊಂಡರು.

ಕಾಮನಬಿಲ್ಲು:

ಸರ್, ಅಕ್ಕಾ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಸಲ ಓದಿದೆ. ಅವರ ಮೂಕಿ ಚಿತ್ರಗಳನ್ನು ನೋಡಲು ಎಲ್ಲಾದರೂ ಸಿಗುತ್ತದೆಯೇ? ಪ್ರದರ್ಶನದ ದಿನ ಐದು ನಿಮಿಷದ ತುಣುಕು ತೋರಿಸುವ ಆಸೆ ಇದೆ.

ಹಳೇರೀಲು:

ಇದಕ್ಕೆ ಉತ್ತರ ಹೇಳಲು ಸಂಕಟವಾಗುತ್ತದೆ ಮಗಳೇ. ಭಾರತದಲ್ಲಿ 1,300ಕ್ಕೂ ಜಾಸ್ತಿ ಮೂಕಿ ಚಿತ್ರಗಳು ತಯಾರಾದವು. ಉಳಿದದ್ದು ತೀರಾ ಕಡಿಮೆ. ಆಗಿನ ರೀಲು ನೈಟ್ರೇಟ್‌ನದು. ಬೇಗ ಹೊತ್ತಿಕೊಳ್ಳುತ್ತದೆ, ಸೆಕೆಗೆ ಅಂಟಂಟಾಗಿ ಪುಡಿಯಾಗುತ್ತದೆ. ಅದರಲ್ಲಿರುವ ಬೆಳ್ಳಿ ತೆಗೆಯಲು ರೀಲುಗಳನ್ನು ಗುಜರಿಗೆ ಮಾರಿದವರೂ ಇದ್ದರು. ಟಾಕಿ ಬಂದ ಮೇಲೆ ಮೂಕಿ ಚಿತ್ರ ಯಾರಿಗೆ ಬೇಕು ಎಂಬ ಮನಸ್ಸು. ‘ಆಲಂ ಆರಾ’ ಕೂಡ ಉಳಿದಿಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದೇ 1964ರಲ್ಲಿ. ಅಷ್ಟರಲ್ಲಿ ಬಹುಪಾಲು ಕೈತಪ್ಪಿತ್ತು.

ಅವರ ಸ್ಥಿರಚಿತ್ರಗಳು, ಹಳೇ ಜಾಹೀರಾತುಗಳು ಸಿಗುತ್ತವೆ. ಚಲಿಸುವ ಸುಲೋಚನಾ ಬೇಕೆಂದರೆ 1953ರ ‘ಅನಾರ್ಕಲಿ’ ನೋಡಿ. ಅದು ಸುಲಭವಾಗಿ ಸಿಗುತ್ತದೆ.

ನಿಪ್ಪಾಣಿ ಕಡೆಯವಳು:

ತುಣುಕು ತೋರಿಸುವಾಗ ಅವರ ಮುಖ ಬಂದ ಕಡೆ ಒಂದು ಸಲ ನಿಲ್ಲಿಸವ್ವಾ. ಇಲ್ಲದಿದ್ದರೆ ಎಲ್ಲರ ಕಣ್ಣೂ ಬೀನಾ ರಾಯ್ ಮೇಲೇ ಇರುತ್ತದೆ.

ಕಾಮನಬಿಲ್ಲು:

ನಿನ್ನೆ ರಾತ್ರಿ ಅಮ್ಮನ ಜೊತೆ ಕೂತು 1953ರ ‘ಅನಾರ್ಕಲಿ’ ನೋಡಿದೆ. ಅಮ್ಮ ಆ ಹಾಡುಗಳನ್ನು ರೇಡಿಯೊದಲ್ಲಿ ಕೇಳಿ ಬೆಳೆದವಳು, ಎಲ್ಲಾ ಬಾಯಿಪಾಠ. ಆದರೆ ಸಲೀಮನ ತಾಯಿಯನ್ನು ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲವಂತೆ. ‘ಇವಳೇ ಮೊದಲು ಅನಾರ್ಕಲಿ ಆಗಿದ್ದವಳು’ ಎಂದೆ. ಅಮ್ಮ ರಿಮೋಟ್ ಇಸ್ಕೊಂಡು ಹಿಂದಕ್ಕೆ ಓಡಿಸಿ ಮತ್ತೆ ನೋಡಿದಳು.

ಪೋಸ್ಟರ್ ಬದಲಾಯಿಸಿದ್ದೇನೆ. ಗವರ್ನರ್ ಇಲ್ಲ. ಲಾಟ್ಕರ್ ಅವರ ಚಿತ್ರಗಳನ್ನು ಪಟ್ಟಿಯಿಂದ ತೆಗೆದು, ಕೆಳಗೆ ಅವರ ಬಗ್ಗೆಯೂ ಎರಡು ಸಾಲು ಬರೆದೆ. ನಡುವೆ ಮೂರು ಚೌಕ ಮಾಡಿ 1928, 1935, 1953 ಎಂದು ಹಾಕಿದ್ದೇನೆ. ಮೊದಲನೇ ಚೌಕಕ್ಕೆ ಒಳ್ಳೆಯ ಫೋಟೊ ಇನ್ನೂ ಸಿಕ್ಕಿಲ್ಲ. ಯಾರ ಹತ್ತಿರವಾದರೂ ಇದ್ದರೆ ಇಲ್ಲೇ ಹಾಕಿ, ಶುಕ್ರವಾರದೊಳಗೆ ಪ್ರಿಂಟ್‌ಗೆ ಕೊಡಬೇಕು.